ಝೆಂಡಾದ ಇಬ್ಬರು ರುಡಾಲ್ಫರು

ರಾಜನ ಮುಖವನ್ನೇ ಹೋಲುವ ಪರದೇಶಿಯೊಬ್ಬ ರಾಜ್ಯಕ್ಕೆ ಬರುತ್ತಾನೆ. ಪಟ್ಟಾಭಿಷೇಕದ ಹಿಂದಿನ ರಾತ್ರಿ ರಾಜನ ಮದ್ಯದಲ್ಲಿ ಮತ್ತು ಬರಿಸುವ ಔಷಧ ಬೆರೆಯುತ್ತದೆ. ಬೆಳಗಾದಾಗ ರಾಜನಿಗೆ ಪ್ರಜ್ಞೆಯಿಲ್ಲ, ಅತ್ತ ರಾಜಧಾನಿಯಲ್ಲಿ ಕಿರೀಟ ಕಾದಿದೆ, ಸಿಂಹಾಸನದ ಮೇಲೆ ಕಣ್ಣಿಟ್ಟ ಮಲಸೋದರನೂ ಕಾದಿದ್ದಾನೆ. ಬೇರೆ ದಾರಿ ಕಾಣದ ನಿಷ್ಠಾವಂತ ಸೇನಾನಿ ಆ ಪರದೇಶಿಗೇ ರಾಜನ ಉಡುಪು ತೊಡಿಸಿ ಕಿರೀಟಧಾರಣೆಗೆ ಕರೆದೊಯ್ಯುತ್ತಾನೆ. ಈ ಕಥೆಯನ್ನು ಒಂದಲ್ಲ ಒಂದು ಭಾಷೆಯಲ್ಲಿ, ಒಂದಲ್ಲ ಒಂದು ವೇಷದಲ್ಲಿ ನೋಡದ ಭಾರತೀಯ ಚಿತ್ರರಸಿಕರು ವಿರಳ. ಇದರ ಮೂಲ 1894ರಲ್ಲಿ ಪ್ರಕಟವಾದ ಆಂಥನಿ ಹೋಪ್‌ನ ಇಂಗ್ಲಿಷ್ ಕಾದಂಬರಿ ‘ದಿ ಪ್ರಿಸನರ್ ಆಫ್ ಝೆಂಡಾ’. ತೆರೆಯ ಮೇಲೆ ಅದು ಪಡೆದ ರೂಪಗಳಲ್ಲಿ ಇಂದಿಗೂ ಸರಿಗಟ್ಟಲಾಗದ್ದು 1937ರ ಹಾಲಿವುಡ್ ಚಿತ್ರ. ಅದರಲ್ಲಿ ರಾಜ ರುಡಾಲ್ಫ್ ಮತ್ತು ಆತನನ್ನು ಹೋಲುವ ಆಂಗ್ಲ ಪ್ರವಾಸಿ ರುಡಾಲ್ಫ್ ರಾಸೆಂಡಿಲ್, ಈ ಇಬ್ಬರೂ ಆಗಿ ಕಾಣಿಸಿಕೊಂಡ ನಟ ರೊನಾಲ್ಡ್ ಕೋಲ್ಮನ್.

ಕೋಲ್ಮನ್‌ನ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಚಿತ್ರ ಸಂಗತಿ ಕಣ್ಣಿಗೆ ಬೀಳುತ್ತದೆ. ಇನ್ನೊಬ್ಬನ ಸ್ಥಾನದಲ್ಲಿ ನಿಲ್ಲುವವನ ಪಾತ್ರ ಈ ನಟನನ್ನು ಮೂವತ್ತು ವರ್ಷ ಬೆನ್ನು ಬಿಡಲಿಲ್ಲ. ಅದು ಕಾಕತಾಳೀಯವೂ ಇರಬಹುದು. ಆದರೆ ಆತನ ಜೀವನವೂ ಒಂದು ಬಗೆಯ ಮರೆಮಾಚುವಿಕೆಯಲ್ಲೇ ಸಾಗಿತೆಂಬುದನ್ನು ತಿಳಿದಾಗ ಆ ಪಾತ್ರಗಳು ಬೇರೆಯೇ ರೀತಿಯಲ್ಲಿ ಕಾಣತೊಡಗುತ್ತವೆ.

ರೊನಾಲ್ಡ್ ಚಾರ್ಲ್ಸ್ ಕೋಲ್ಮನ್ ಹುಟ್ಟಿದ್ದು 1891ರ ಫೆಬ್ರವರಿ 9ರಂದು, ಇಂಗ್ಲೆಂಡಿನ ಸರ್ರೆ ಸೀಮೆಯ ರಿಚ್ಮಂಡ್‌ನಲ್ಲಿ. ತಂದೆ ರೇಷ್ಮೆ ವ್ಯಾಪಾರಿ. ಲಿಟ್ಲ್‌ಹ್ಯಾಂಪ್ಟನ್‌ನ ವಸತಿಶಾಲೆಯಲ್ಲಿ ಓದುವಾಗ ಬಾಲಕನಿಗೆ ನಾಟಕದ ರುಚಿ ಹತ್ತಿತು. ಆದರೂ ಮನೆಯವರ ಆಲೋಚನೆ ಇದ್ದದ್ದು ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದಿಸುವುದು. 1907ರಲ್ಲಿ ತಂದೆ ನ್ಯುಮೋನಿಯಾಕ್ಕೆ ಹಠಾತ್ತನೆ ಬಲಿಯಾದರು. ಕೇಂಬ್ರಿಜ್ ಕನಸು ಅಲ್ಲಿಗೇ ಮುಗಿಯಿತು. ಹದಿನಾರರ ಹುಡುಗ ಲಂಡನ್ನಿನ ಹಡಗು ಕಂಪೆನಿಯೊಂದರಲ್ಲಿ ಗುಮಾಸ್ತನಾದ. ಹಗಲು ಲೆಕ್ಕದ ಪುಸ್ತಕ, ಸಂಜೆ ಹವ್ಯಾಸಿ ನಾಟಕ. 1909ರಲ್ಲಿ ಲಂಡನ್ ಸ್ಕಾಟಿಷ್ ಎಂಬ ಪ್ರಾದೇಶಿಕ ಸೇನಾದಳಕ್ಕೂ ಸೇರಿಕೊಂಡ. ಬಿಡುವಿನ ವೇಳೆಯ ಸೈನಿಕರ ದಳವದು. ಕವಾಯತು, ಶಿಬಿರ, ಸ್ಕಾಟ್ಲೆಂಡಿನ ಕಿಲ್ಟ್ ಉಡುಗೆ, ಇಷ್ಟೇ ಆಗಿ ಉಳಿದಿದ್ದರೆ ಆ ಸದಸ್ಯತ್ವಕ್ಕೆ ಈ ಕಥೆಯಲ್ಲಿ ಜಾಗವೇ ಇರುತ್ತಿರಲಿಲ್ಲ.

1914ರ ಆಗಸ್ಟ್‌ನಲ್ಲಿ ಮಹಾಯುದ್ಧ ಆರಂಭವಾಯಿತು. ಲಂಡನ್ ಸ್ಕಾಟಿಷ್ ದಳ ಫ್ರಾನ್ಸಿಗೆ ತೆರಳಿತು. ಅಕ್ಟೋಬರ್ ಕೊನೆಯಲ್ಲಿ ಬೆಲ್ಜಿಯಂನ ಈಪ್ರ್ ಸುತ್ತಮುತ್ತ ಬ್ರಿಟಿಷ್ ಸಾಲು ಕುಸಿಯುವ ಹಂತ ತಲುಪಿದಾಗ ಈ ಗುಮಾಸ್ತರ, ವಕೀಲರ, ಅಂಗಡಿಯವರ ದಳವನ್ನು ಲಂಡನ್ನಿನ ಬಸ್ಸುಗಳಲ್ಲೇ ತುಂಬಿ ರಣರಂಗಕ್ಕೆ ಸಾಗಿಸಲಾಯಿತು. ಅಕ್ಟೋಬರ್ 31ರಂದು ಮೆಸೀನ್ ಎಂಬಲ್ಲಿ ನಡೆದ ಕಾಳಗ ಪ್ರಾದೇಶಿಕ ಸೇನೆಯ ಕಾಲಾಳು ದಳವೊಂದು ಈ ಯುದ್ಧದಲ್ಲಿ ಭಾಗವಹಿಸಿದ ಮೊದಲ ಕಾಳಗ. ಅವರ ಕೈಗೆ ಕೊಟ್ಟಿದ್ದ ಬಂದೂಕುಗಳು ಹೊಸ ಗುಂಡುಗಳಿಗೆ ಸರಿಹೊಂದದೆ, ಒಂದೊಂದೇ ಗುಂಡನ್ನು ಕೈಯಿಂದ ತುಂಬಿ ಹಾರಿಸಬೇಕಾಯಿತು. ರಾತ್ರಿ ಕಳೆಯುವಷ್ಟರಲ್ಲಿ ನೂರಾರು ಮಂದಿ ಸತ್ತರು ಇಲ್ಲವೇ ಗಾಯಗೊಂಡರು. ಗಾಯಾಳುಗಳಲ್ಲಿ ಕೋಲ್ಮನ್ ಒಬ್ಬ. ಸಿಡಿಗುಂಡಿನ ಚೂರುಗಳು ಕಾಲಿಗೆ ಹೊಕ್ಕಿದ್ದವು. 1915ರ ಮೇ ತಿಂಗಳಲ್ಲಿ ಸೇನೆ ಆತನನ್ನು ಬಿಡುಗಡೆ ಮಾಡಿತು. ಗಾಯ ಮಾಯಿತು, ಕುಂಟು ಉಳಿಯಿತು.

ಆ ಕುಂಟನ್ನು ಕೋಲ್ಮನ್ ಜೀವನಪರ್ಯಂತ ಮುಚ್ಚಿಟ್ಟ. ತೆರೆಯ ಮೇಲೆ ಆತ ನಡೆಯುವುದನ್ನು ಗಮನಿಸಿ ನೋಡಿದವರಿಗೂ ಅದು ಸುಲಭವಾಗಿ ತಿಳಿಯುವುದಿಲ್ಲ. ಅವಸರವಿಲ್ಲದ, ಅಳೆದು ಇಡುವ ಹೆಜ್ಜೆ. ಪ್ರೇಕ್ಷಕರು ಅದನ್ನು ಆಂಗ್ಲ ಸಜ್ಜನನ ಗಾಂಭೀರ್ಯವೆಂದು ಓದಿಕೊಂಡರು. ಆ ದಳ ಹಾಲಿವುಡ್‌ಗೆ ಒದಗಿಸಿದ ನಟರ ಪಟ್ಟಿಯೂ ಬೆರಗು ಹುಟ್ಟಿಸುವಂಥದು. ಕ್ಲಾಡ್ ರೇನ್ಸ್, ಹರ್ಬರ್ಟ್ ಮಾರ್ಷಲ್, ಬೇಸಿಲ್ ರಾಥ್‌ಬೋನ್, ಸೆಡ್ರಿಕ್ ಹಾರ್ಡ್‌ವಿಕ್ ಇವರೆಲ್ಲ ಅದೇ ಲಂಡನ್ ಸ್ಕಾಟಿಷ್‌ನಲ್ಲಿ ಸೇವೆ ಸಲ್ಲಿಸಿದವರು. ರೇನ್ಸ್ ವಿಷಾನಿಲಕ್ಕೆ ಸಿಕ್ಕು ಒಂದು ಕಣ್ಣಿನ ದೃಷ್ಟಿಯನ್ನು ಬಹುತೇಕ ಕಳೆದುಕೊಂಡಿದ್ದ. ಮಾರ್ಷಲ್ ಒಂದು ಕಾಲನ್ನೇ ಕಳೆದುಕೊಂಡು ಕೃತಕ ಕಾಲಿನಲ್ಲಿ ನಾಯಕನ ಪಾತ್ರಗಳನ್ನು ನಿರ್ವಹಿಸಿದ. 1930ರ ದಶಕದ ಅಮೆರಿಕನ್ ತೆರೆಯ ಆಂಗ್ಲ ಶೌರ್ಯದ ಹಿಂದೆ ಇಂಥ ಎಷ್ಟೋ ಗಾಯಗಳಿದ್ದವು.

ಯುದ್ಧದಿಂದ ಮರಳಿದವನಿಗೆ ಗುಮಾಸ್ತಗಿರಿ ಬೇಡವಾಗಿತ್ತು. ವೃತ್ತಿರಂಗಭೂಮಿಯ ಮೊದಲ ಅವಕಾಶ ದೊರೆತದ್ದು ಭಾರತೀಯರಿಗೆ ಕುತೂಹಲ ಹುಟ್ಟಿಸುವ ಕಡೆಯಿಂದ. 1916ರ ಜೂನ್ 19ರಂದು ಲಂಡನ್ನಿನ ಕೊಲಿಸಿಯಂ ರಂಗಮಂದಿರದಲ್ಲಿ ಲೀನಾ ಆಶ್‌ವೆಲ್ ಜತೆ ಆತ ಕಾಣಿಸಿಕೊಂಡ ನಾಟಕ ‘ದಿ ಮಹಾರಾಣಿ ಆಫ್ ಅರಾಕಾನ್’. ಅದು ರವೀಂದ್ರನಾಥ ಟ್ಯಾಗೋರರ ‘ದಾಲಿಯಾ’ ಕಥೆಯನ್ನು ಆಧರಿಸಿ ಜಾರ್ಜ್ ಕ್ಯಾಲ್ಡೆರನ್ ರಚಿಸಿದ ಏಕಾಂಕ. ಕೋಲ್ಮನ್‌ಗೆ ಸಿಕ್ಕಿದ್ದು ರಹಮತ್ ಶೇಖ್ ಎಂಬ ಚಿಕ್ಕ ಪಾತ್ರ. ಮೊಗಲ್ ರಾಜಕುಮಾರ ಷಾ ಶುಜಾನ ಮಗಳು ಅರಾಕಾನಿನ ಬೆಸ್ತರ ಗುಡಿಸಲಿನಲ್ಲಿ ಬೆಳೆದು, ದಾಲಿಯಾ ಎಂಬ ಸಾಮಾನ್ಯ ಯುವಕನನ್ನು ಪ್ರೀತಿಸುತ್ತಾಳೆ. ತನ್ನ ಕುಲದ ಸೇಡು ತೀರಿಸಲು ಅರಸನನ್ನು ಕೊಲ್ಲಲು ಹೋದಾಗ ಸಿಂಹಾಸನದ ಮೇಲಿರುವವನು ಅದೇ ದಾಲಿಯಾ ಎಂದು ತಿಳಿಯುತ್ತದೆ. ವೇಷ ಮರೆಸಿದ ಅರಸನ ಕಥೆಯೊಂದಿಗೇ ಕೋಲ್ಮನ್‌ನ ವೃತ್ತಿಜೀವನ ಆರಂಭವಾಯಿತು ಎಂಬುದನ್ನು ಆತನ ಅಭಿಮಾನಿಗಳೂ ಅಷ್ಟಾಗಿ ನೆನೆಯುವುದಿಲ್ಲ.

ಮುಂದಿನ ನಾಲ್ಕು ವರ್ಷ ಇಂಗ್ಲೆಂಡಿನಲ್ಲಿ ನಾಟಕಗಳು, ಕೆಲವು ಮೂಕಿ ಚಿತ್ರಗಳು. ಯಾವುದೂ ಹೆಸರು ತರಲಿಲ್ಲ. ಈತನ ಮುಖ ಚಿತ್ರಕ್ಕೆ ಒಗ್ಗುವುದಿಲ್ಲವೆಂದು ಪಾತ್ರ ಹಂಚುವ ಕಚೇರಿಯೊಂದು ಟಿಪ್ಪಣಿ ಬರೆದಿಟ್ಟಿತ್ತೆಂಬ ಕಥೆ ಪ್ರಚಲಿತವಾಗಿದೆ. ನಟಿ ತೆಲ್ಮಾ ರೇ ಜತೆ ಆದ ಮದುವೆ ಆರಂಭದಿಂದಲೇ ಸರಿಬರಲಿಲ್ಲ. ದಂಪತಿಗಳು ಬೇಗನೆ ಬೇರೆಯಾದರೂ ಕಾನೂನಿನ ವಿಚ್ಛೇದನ ದೊರೆತದ್ದು 1934ರಲ್ಲಿ. 1920ರಲ್ಲಿ ಕೋಲ್ಮನ್ ನ್ಯೂಯಾರ್ಕಿನ ಹಡಗು ಹತ್ತಿದ. ಅಲ್ಲಿಯೂ ಹಸಿವಿನ ದಿನಗಳೇ. 1922ರಲ್ಲಿ ಬ್ರಾಡ್‌ವೇಯ ‘ಲಾ ತಾಂದ್ರೆಸ್’ ನಾಟಕದಲ್ಲಿ ರುತ್ ಚಾಟರ್‌ಟನ್ ಜತೆ ಅಭಿನಯಿಸುತ್ತಿದ್ದಾಗ ನಿರ್ದೇಶಕ ಹೆನ್ರಿ ಕಿಂಗ್‌ನ ಕಣ್ಣು ಆತನ ಮೇಲೆ ಬಿತ್ತು. ಲಿಲಿಯನ್ ಗಿಶ್ ನಾಯಕಿಯಾಗಿದ್ದ ‘ದಿ ವೈಟ್ ಸಿಸ್ಟರ್’ ಚಿತ್ರಕ್ಕೆ ಇಟಲಿಯ ಸೈನ್ಯಾಧಿಕಾರಿಯೊಬ್ಬ ಬೇಕಾಗಿದ್ದ. ಪರೀಕ್ಷಾ ಚಿತ್ರೀಕರಣದ ವೇಳೆ ಕಿಂಗ್ ಆತನ ಕೂದಲನ್ನು ಒಪ್ಪವಾಗಿ ಬಾಚಿಸಿ, ತುಟಿಯ ಮೇಲೆ ಪೆನ್ಸಿಲ್ಲಿನಿಂದ ಮೀಸೆಯೊಂದನ್ನು ಗೀಚಿದನಂತೆ. ಮುಂದೆ ಲೋಕವೆಲ್ಲ ಅನುಕರಿಸಿದ ಕೋಲ್ಮನ್ ಮೀಸೆ ಹುಟ್ಟಿದ್ದು ಹಾಗೆ. 1923ರಲ್ಲಿ ಚಿತ್ರ ಬಿಡುಗಡೆಯಾಯಿತು, ಮೂವತ್ತೆರಡರ ಕೋಲ್ಮನ್ ತಾರೆಯಾದ.

ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಆತನನ್ನು ಕರಾರಿನಲ್ಲಿ ಕಟ್ಟಿಹಾಕಿದ. ಹಂಗೇರಿಯ ಸುಂದರಿ ವಿಲ್ಮಾ ಬಾಂಕಿಯೊಡನೆ ಐದು ಚಿತ್ರಗಳು ಬಂದವು. ಅವುಗಳಲ್ಲೊಂದು 1927ರ ‘ದಿ ಮ್ಯಾಜಿಕ್ ಫ್ಲೇಮ್’. ಸರ್ಕಸ್ಸಿನ ವಿದೂಷಕ ಮತ್ತು ಆತನನ್ನೇ ಹೋಲುವ ರಾಜವಂಶದವ, ಎರಡೂ ಕೋಲ್ಮನ್. ರಾಜವಂಶದವ ಸತ್ತಾಗ ವಿದೂಷಕ ಅವನ ಹೆಸರಿನಲ್ಲಿ ಅರಮನೆ ಹೊಗುತ್ತಾನೆ. ಝೆಂಡಾದ ಹತ್ತು ವರ್ಷ ಮೊದಲೇ ನಡೆದ ತಾಲೀಮಿನಂತಿದೆ ಇದು. 1926ರ ‘ಬೋ ಜೆಸ್ಟ್’ ಮೂಕಿ ಯುಗದಲ್ಲಿ ಆತನಿಗೆ ದೊರೆತ ಅತಿ ದೊಡ್ಡ ಯಶಸ್ಸುಗಳಲ್ಲಿ ಒಂದು.

ಅಷ್ಟರಲ್ಲಿ ಚಿತ್ರಗಳಿಗೆ ಬಾಯಿ ಬಂದಿತು. ಬಾಂಕಿಯ ಹಂಗೇರಿಯನ್ ಉಚ್ಚಾರಣೆ ಆಕೆಯ ವೃತ್ತಿಗೇ ಮುಳುವಾಯಿತು. ಹತ್ತಾರು ಮಂದಿ ಮೂಕಿ ತಾರೆಯರು ಒಂದೆರಡು ವರ್ಷಗಳಲ್ಲಿ ಮರೆಯಾದರು. ಕೋಲ್ಮನ್‌ನ ಪಾಲಿಗೆ ಮಾತ್ರ ಧ್ವನಿ ವರವಾಗಿ ಬಂತು. ತಗ್ಗಿದ, ತುಸು ಒರಟು ಮಿಶ್ರಿತ, ಪ್ರತಿ ಪದವನ್ನೂ ಸವರಿ ಬಿಡುವ ಆ ದನಿಯನ್ನು ಆರು ವರ್ಷ ಕಾಲ ಯಾರೂ ಕೇಳಿರಲಿಲ್ಲ. 1929ರಲ್ಲಿ ತೆರೆಕಂಡ ‘ಬುಲ್‌ಡಾಗ್ ಡ್ರಮಂಡ್’ ಮತ್ತು ‘ಕಂಡೆಮ್ಡ್’ ಎರಡೂ ಚಿತ್ರಗಳ ಅಭಿನಯಕ್ಕಾಗಿ ಆಸ್ಕರ್ ನಾಮನಿರ್ದೇಶನ ದೊರೆಯಿತು. ನಾಟಕೀಯವಾಗಿ ಕೂಗುವುದೇ ಮಾತಿನ ಚಿತ್ರದ ಅಭಿನಯವೆಂದು ನಂಬಿದ್ದ ಕಾಲದಲ್ಲಿ ಆತ ಪಕ್ಕದಲ್ಲಿ ಕುಳಿತವನೊಡನೆ ಮಾತಾಡುವಂತೆ ಮಾತಾಡಿದ.

ಗೋಲ್ಡ್‌ವಿನ್‌ನೊಂದಿಗಿನ ಸಂಬಂಧ ಮಾತ್ರ ಕಹಿಯಾಗಿ ಕೊನೆಗೊಂಡಿತು. ಪ್ರೇಮದೃಶ್ಯಗಳಿಗೆ ಮುನ್ನ ಕುಡಿದಿದ್ದರೆ ಕೋಲ್ಮನ್‌ನ ಅಭಿನಯ ಕಳೆಗಟ್ಟುತ್ತದೆಂಬ ಅರ್ಥದ ಹೇಳಿಕೆ 1932ರಲ್ಲಿ ನಿರ್ಮಾಪಕನ ಪ್ರಚಾರ ವಿಭಾಗದಿಂದ ಪತ್ರಿಕೆಗಳಿಗೆ ಹೋಯಿತು. ಪ್ರಚಾರವೆಂದರೆ ಯಾವುದನ್ನಾದರೂ ಸಹಿಸಬೇಕೆಂದು ನಂಬಿದ್ದ ಊರು ಹಾಲಿವುಡ್. ಸಂದರ್ಶನಗಳಿಂದ ದೂರ ಉಳಿಯುತ್ತಿದ್ದ, ಮನೆಯ ಬಾಗಿಲು ಮುಚ್ಚಿ ಬದುಕುತ್ತಿದ್ದ ಕೋಲ್ಮನ್ ಮಾನನಷ್ಟ ಮೊಕದ್ದಮೆ ಹೂಡಿದ. ಆ ಬಳಿಕ ಗೋಲ್ಡ್‌ವಿನ್‌ನ ಸಂಸ್ಥೆಗಾಗಿ ಮತ್ತೆಂದೂ ದುಡಿಯಲಿಲ್ಲ. ಕರಾರಿನ ಕೊನೆಯ ಚಿತ್ರವಾಗಿ 1933ರಲ್ಲಿ ಬಂದ ‘ದಿ ಮಾಸ್ಕರೇಡರ್’ನಲ್ಲೂ ಜೋಡಿ ಪಾತ್ರ. ಮಾದಕ ವ್ಯಸನಕ್ಕೆ ಬಿದ್ದ ಸಂಸತ್ ಸದಸ್ಯನ ಬದಲಿಗೆ ಆತನ ದಾಯಾದಿ ಪಾರ್ಲಿಮೆಂಟಿಗೂ ಮನೆಗೂ ಕಾಲಿಡುತ್ತಾನೆ, ಕ್ರಮೇಣ ಆತನ ಪತ್ನಿಯ ಮನಸ್ಸಿಗೂ.

1935ರ ಎರಡು ಚಿತ್ರಗಳಿಗಾಗಿ ಕೋಲ್ಮನ್ ಪ್ರಸಿದ್ಧವಾಗಿದ್ದ ಮೀಸೆಯನ್ನು ಬೋಳಿಸಿದ. ಮೊದಲನೆಯದು ‘ಕ್ಲೈವ್ ಆಫ್ ಇಂಡಿಯಾ’. ಪ್ಲಾಸಿಯ ಕದನವನ್ನು, ಬಂಗಾಳದ ಲೂಟಿಯನ್ನು ಹಿನ್ನೆಲೆಯ ಪರದೆಯಾಗಿಸಿ ರಾಬರ್ಟ್ ಕ್ಲೈವ್‌ನನ್ನು ಪ್ರಣಯ ನಾಯಕನನ್ನಾಗಿ ಮಾಡಿದ ಚಿತ್ರವದು. ಮೀರ್ ಜಾಫರ್ ಪಾತ್ರದಲ್ಲಿ ಸೀಸರ್ ರೊಮೆರೊ! ಅಭಿನಯ ಎಷ್ಟೇ ನಯವಾಗಿದ್ದರೂ ಭಾರತೀಯ ಪ್ರೇಕ್ಷಕ ಅದನ್ನು ಇತಿಹಾಸವೆಂದು ಒಪ್ಪಲಾರ. ಎರಡನೆಯದು ಡಿಕನ್ಸ್‌ನ ‘ಎ ಟೇಲ್ ಆಫ್ ಟೂ ಸಿಟೀಸ್’. ಕುಡುಕ ವಕೀಲ ಸಿಡ್ನಿ ಕಾರ್ಟನ್ ತನ್ನನ್ನು ಹೋಲುವ ಚಾರ್ಲ್ಸ್ ಡಾರ್ನೆಯನ್ನು ಸೆರೆಮನೆಯಿಂದ ಪಾರುಮಾಡಿ, ಆತನ ಹೆಸರಿನಲ್ಲಿ ತಾನೇ ಗಿಲೊಟಿನ್ ಏರುತ್ತಾನೆ. ಕೋಲ್ಮನ್ ಬಹುಕಾಲದಿಂದ ಬಯಸಿದ್ದ ಪಾತ್ರವದು. ಕಾರ್ಟನ್ ಮತ್ತು ಡಾರ್ನೆ ಎರಡನ್ನೂ ಆತನೇ ವಹಿಸಲಿ ಎಂದು ನಿರ್ಮಾಪಕ ಡೇವಿಡ್ ಸೆಲ್ಜ್ನಿಕ್ ಬಯಸಿದ್ದ, ಕೋಲ್ಮನ್ ಒಪ್ಪಲಿಲ್ಲ ಎನ್ನುತ್ತಾರೆ. ಜೋಡಿ ಪಾತ್ರಗಳು ಆತನಿಗೆ ಆ ಹೊತ್ತಿಗೆ ಸಾಕಾಗಿದ್ದವು.

ಆದರೂ ಎರಡು ವರ್ಷಗಳಲ್ಲಿ ಅದೇ ಸೆಲ್ಜ್ನಿಕ್ ಆತನನ್ನು ಜೋಡಿ ಪಾತ್ರಕ್ಕೆ ಒಪ್ಪಿಸಿದ. ಝೆಂಡಾ ಕಥೆ ಆ ವೇಳೆಗೆ ಹಳೆಯದಾಗಿತ್ತು. ಲಂಡನ್ನಿನ ಯುವ ವಕೀಲ ಆಂಥನಿ ಹೋಪ್ ಹಾಕಿನ್ಸ್ 1893ರ ನವೆಂಬರ್‌ನಲ್ಲಿ ನ್ಯಾಯಾಲಯದಿಂದ ಕೋಣೆಗೆ ನಡೆದು ಬರುವಾಗ ಹೊಳೆದ ಕಥೆಯದು. ಆತ ಕಲ್ಪಿಸಿದ ರುರಿಟೇನಿಯ ಎಂಬ ದೇಶದ ಹೆಸರು ಇಂಗ್ಲಿಷ್ ನಿಘಂಟಿಗೇ ಸೇರಿತು. 1913ರಲ್ಲಿ ಒಮ್ಮೆ, 1922ರಲ್ಲಿ ಮತ್ತೊಮ್ಮೆ ಅಮೆರಿಕದಲ್ಲಿ ಮೂಕಿ ಚಿತ್ರವಾಗಿತ್ತು. ಕತ್ತಿ, ಕಿರೀಟ, ಕೋಟೆಗಳ ಈ ಕಥೆ 1930ರ ದಶಕದ ಪ್ರೇಕ್ಷಕರಿಗೆ ರುಚಿಸೀತೆ ಎಂಬ ಅನುಮಾನ ಹಲವರಲ್ಲಿತ್ತು.

ಸೆಲ್ಜ್ನಿಕ್‌ನ ನೆರವಿಗೆ ಬಂದದ್ದು ಇಂಗ್ಲೆಂಡಿನ ರಾಜಮನೆತನ. 1936ರ ಡಿಸೆಂಬರ್‌ನಲ್ಲಿ ದೊರೆ ಎಂಟನೆಯ ಎಡ್ವರ್ಡ್ ವಿಚ್ಛೇದಿತೆಯಾದ ಅಮೆರಿಕನ್ ಮಹಿಳೆಯನ್ನು ವರಿಸಲು ಸಿಂಹಾಸನವನ್ನೇ ತ್ಯಜಿಸಿದ. 1937ರ ಮೇ 12ರಂದು ತಮ್ಮ ಆರನೆಯ ಜಾರ್ಜ್‌ನ ಪಟ್ಟಾಭಿಷೇಕ ನಡೆಯಿತು. ಪ್ರೀತಿಯೋ ಕಿರೀಟವೋ ಎಂಬ ಪ್ರಶ್ನೆ ಲೋಕದ ಪತ್ರಿಕೆಗಳ ಮೊದಲ ಪುಟದಲ್ಲಿತ್ತು. ಝೆಂಡಾದಲ್ಲಿ ಇದೇ ಪ್ರಶ್ನೆಗೆ ತದ್ವಿರುದ್ಧವಾದ ಉತ್ತರವಿದೆ. ರಾಜಕುಮಾರಿ ಫ್ಲೇವಿಯಾ ತಾನು ಪ್ರೀತಿಸಿದ್ದು ನಿಜವಾದ ರಾಜನನ್ನಲ್ಲ, ಆತನ ವೇಷದಲ್ಲಿದ್ದ ರಾಸೆಂಡಿಲ್‌ನನ್ನು ಎಂದು ತಿಳಿದ ಮೇಲೂ ನಾಡಿನ ಹೊಣೆಗಾಗಿ ಅವನನ್ನು ಬಿಟ್ಟುಕೊಡುತ್ತಾಳೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಚಿತ್ರ ತೆರೆಕಂಡಾಗ ಪ್ರೇಕ್ಷಕರು ಪತ್ರಿಕೆಯ ಸುದ್ದಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕುಳಿತಿದ್ದರು.

ನಿರ್ದೇಶಕ ಜಾನ್ ಕ್ರಾಮ್‌ವೆಲ್. ಸೆಲ್ಜ್ನಿಕ್‌ಗೆ ಯಾರ ಕೆಲಸವೂ ಪೂರ್ಣ ತೃಪ್ತಿ ಕೊಡುತ್ತಿರಲಿಲ್ಲವಾದ್ದರಿಂದ ಕತ್ತಿವರಸೆಯ ಕೆಲವು ಭಾಗಗಳನ್ನು ವ್ಯಾನ್ ಡೈಕ್‌ನಿಂದಲೂ ಇನ್ನು ಕೆಲವನ್ನು ಜಾರ್ಜ್ ಕ್ಯೂಕರ್‌ನಿಂದಲೂ ಮತ್ತೆ ಚಿತ್ರಿಸಲಾಯಿತು. ಫ್ಲೇವಿಯಾ ಆಗಿ ಮ್ಯಾಡಲೀನ್ ಕ್ಯಾರಲ್, ದುಷ್ಟ ಮೈಕೆಲ್ ಆಗಿ ರೇಮಂಡ್ ಮ್ಯಾಸಿ, ಆತನನ್ನು ಪ್ರೀತಿಸಿ ಕೆಡುವ ಆಂಟಾನೆಟ್ ಆಗಿ ಮೇರಿ ಆಸ್ಟರ್, ಕಿರಿಯ ಅಧಿಕಾರಿಯಾಗಿ ಆಗಿನ್ನೂ ಹೊಸಬನಾಗಿದ್ದ ಡೇವಿಡ್ ನಿವೆನ್. ನಗುತ್ತಲೇ ಕೊಲೆ ಮಾಡಬಲ್ಲ ರೂಪರ್ಟ್ ಆಫ್ ಹೆಂಟ್ಜಾ ಪಾತ್ರಕ್ಕೆ ಕಿರಿಯ ಡಗ್ಲಾಸ್ ಫೇರ್‌ಬ್ಯಾಂಕ್ಸ್ ಬಂದ. ಆತನಿಗೆ ಬೇಕಿದ್ದದ್ದು ರಾಸೆಂಡಿಲ್ ಪಾತ್ರ. ಹಾಲಿವುಡ್‌ನ ಕತ್ತಿವರಸೆಯ ಚಕ್ರವರ್ತಿಯಾಗಿದ್ದ ತಂದೆ ರೂಪರ್ಟ್ ಪಾತ್ರವನ್ನು ಬಿಡಬೇಡವೆಂದು ಮಗನಿಗೆ ಬುದ್ಧಿ ಹೇಳಿದ. ಆ ಸಲಹೆ ಎಷ್ಟು ಸರಿಯಾಗಿತ್ತೆಂಬುದಕ್ಕೆ ಚಿತ್ರವೇ ಸಾಕ್ಷಿ. ಕೋಲ್ಮನ್ ಇಲ್ಲದ ದೃಶ್ಯಗಳನ್ನೆಲ್ಲ ಆತ ದೋಚುತ್ತಾನೆ, ಕೋಲ್ಮನ್ ಇರುವ ಕೆಲವನ್ನೂ!

ಕ್ರಿಕೆಟ್ ಪ್ರಿಯರು ಗಮನಿಸಬೇಕಾದ ಇನ್ನೊಬ್ಬ ನಟ ಈ ಚಿತ್ರದಲ್ಲಿದ್ದಾನೆ. ರಾಸೆಂಡಿಲ್‌ಗೆ ರಾಜವೇಷ ತೊಡಿಸುವ ವೃದ್ಧ ಸೇನಾನಿ ಝಾಪ್ಟ್ ಪಾತ್ರ ವಹಿಸಿದ ಸಿ. ಆಬ್ರಿ ಸ್ಮಿತ್, 1889ರಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಪೋರ್ಟ್ ಎಲಿಜಬೆತ್‌ನಲ್ಲಿ ಇಂಗ್ಲೆಂಡ್ ಟೆಸ್ಟ್ ತಂಡದ ನಾಯಕನಾಗಿದ್ದವನು. ಆತ ಆಡಿದ್ದೂ ಅದೊಂದೇ ಟೆಸ್ಟ್. 1890ರ ದಶಕದಲ್ಲಿ ಝೆಂಡಾದ ರಂಗರೂಪದಲ್ಲಿ ಅಭಿನಯಿಸಿದ್ದ ಸ್ಮಿತ್, ನಾಲ್ಕು ದಶಕಗಳ ಬಳಿಕ ಅದೇ ಕಥೆಗೆ ಬಿಳಿ ಮೀಸೆಯೊಂದಿಗೆ ಮರಳಿದ. ಹಾಲಿವುಡ್‌ನಲ್ಲಿ ಕ್ರಿಕೆಟ್ ಕ್ಲಬ್ ಕಟ್ಟಿದವನೂ ಈತನೇ.

ಎರಡು ಪಾತ್ರ ಒಬ್ಬನೇ ವಹಿಸುವುದು ಇಂದು ಕಂಪ್ಯೂಟರ್ ಕೆಲಸ. 1937ರಲ್ಲಿ ಅದು ಗಾಜು, ಪಟ್ಟಿ ಮತ್ತು ತಾಳ್ಮೆಯ ಕೆಲಸವಾಗಿತ್ತು. ಛಾಯಾಗ್ರಾಹಕ ಜೇಮ್ಸ್ ವಾಂಗ್ ಹೋ ಚೀನಾದಲ್ಲಿ ಹುಟ್ಟಿ ಎಳೆಯ ವಯಸ್ಸಿನಲ್ಲೇ ಅಮೆರಿಕ ಸೇರಿದ್ದವನು. ಚೀನೀಯರನ್ನು ಹೊರಗಿಡುವ ಕಾನೂನು 1943ರಲ್ಲಿ ರದ್ದಾಗುವವರೆಗೆ ಅಮೆರಿಕದ ಪೌರನಾಗುವ ಹಕ್ಕೇ ಆತನಿಗಿರಲಿಲ್ಲ. ರಾಜ ಮತ್ತು ರಾಸೆಂಡಿಲ್ ಕೈಕುಲುಕುವ ದೃಶ್ಯಕ್ಕೆ ಕೋಲ್ಮನ್‌ನ ಎದುರು ಬದಲಿ ನಟನೊಬ್ಬ ನಿಂತ. ಕ್ಯಾಮೆರಾದ ಮುಂದೆ ದೊಡ್ಡ ಗಾಜೊಂದನ್ನು ಇರಿಸಿ, ಬದಲಿ ನಟನ ತಲೆ ಮತ್ತು ಭುಜ ಬರುವ ಜಾಗವನ್ನು ಮಾತ್ರ ಅದರ ಮೇಲೆ ಮುಚ್ಚಲಾಯಿತು. ಬಳಿಕ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಕೋಲ್ಮನ್ ಉಡುಪು ಬದಲಿಸಿ ಬಂದ ಮೇಲೆ, ಆ ಜಾಗವನ್ನಷ್ಟೇ ತೆರೆದು ಉಳಿದದ್ದನ್ನು ಮುಚ್ಚಿ ಅದೇ ಫಿಲ್ಮಿನ ಮೇಲೆ ಮತ್ತೆ ಚಿತ್ರಿಸಲಾಯಿತು. ಕೂದಲೆಳೆಯಷ್ಟು ಅಲುಗಿದ್ದರೂ ಎಲ್ಲ ಕೆಡುತ್ತಿತ್ತು.

ಆದರೆ ತಂತ್ರ ಕೇವಲ ಅರ್ಧ ಕೆಲಸ. ಇಬ್ಬರೂ ಬೇರೆ ಬೇರೆ ಮನುಷ್ಯರೆಂದು ಪ್ರೇಕ್ಷಕ ನಂಬಬೇಕು. ಇಲ್ಲಿ ಕೋಲ್ಮನ್ ವೇಷಕ್ಕಾಗಲಿ ಅಂಗಚೇಷ್ಟೆಗಾಗಲಿ ಮೊರೆಹೋಗಲಿಲ್ಲ. ರಾಜನ ದನಿಯಲ್ಲಿ ಸುಖಲೋಲುಪತೆಯ ಜಡತೆ, ರಾಸೆಂಡಿಲ್‌ನ ದನಿಯಲ್ಲಿ ತನ್ನ ಸ್ಥಿತಿಯನ್ನು ತಾನೇ ನೋಡಿ ನಗುವವನ ಹಗುರ. ಚಿತ್ರದ ಉತ್ತರಾರ್ಧದಲ್ಲಿ ಆ ಹಗುರ ಮೆಲ್ಲನೆ ಕರಗುತ್ತ ಹೋಗುತ್ತದೆ. ಬೇರೊಬ್ಬನ ಕಿರೀಟ, ಬೇರೊಬ್ಬನಿಗೆ ನಿಶ್ಚಯವಾದ ಹೆಣ್ಣು. ಕೊಂಚ ಕಾಲ ಸುಮ್ಮನಿದ್ದರೆ, ಕೋಟೆಯಲ್ಲಿ ಸೆರೆಯಾಗಿರುವವನು ಸತ್ತರೆ, ಎಲ್ಲವೂ ತನ್ನದೇ ಆಗುತ್ತದೆ. ಆ ಆಮಿಷವನ್ನು ರಾಸೆಂಡಿಲ್ ಅರಿತಿದ್ದಾನೆಂಬುದನ್ನು ಕೋಲ್ಮನ್ ಮಾತಿಲ್ಲದೆ ತೋರಿಸುತ್ತಾನೆ. ಬಳಿಕ ಕಂದಕ ಈಜಿ ಝೆಂಡಾ ಕೋಟೆ ಹೊಕ್ಕು, ತನಗಿಂತ ಹದಿನೆಂಟು ವರ್ಷ ಕಿರಿಯನಾದ ಫೇರ್‌ಬ್ಯಾಂಕ್ಸ್‌ನೊಡನೆ ಕತ್ತಿ ಹಿರಿದು ನಿಲ್ಲುವಾಗ ನಟನಿಗೆ ನಲವತ್ತಾರು ವರ್ಷ, ಕಾಲಿನಲ್ಲಿ ಮೆಸೀನ್‌ನ ಗಾಯ. ನೆರಳು, ಕಂಬ, ಗೋಡೆಗಳನ್ನು ವಾಂಗ್ ಹೋ ಬಳಸಿದ ಬಗೆಯಿಂದ ಆ ಕಾಳಗ ಇಂದಿಗೂ ಮಾದರಿಯಾಗಿ ಉಳಿದಿದೆ. ಆಲ್‌ಫ್ರೆಡ್ ನ್ಯೂಮನ್‌ನ ಸಂಗೀತಕ್ಕೂ ಲೈಲ್ ವೀಲರ್‌ನ ಕಲಾನಿರ್ದೇಶನಕ್ಕೂ ಆಸ್ಕರ್ ನಾಮನಿರ್ದೇಶನ ದೊರೆಯಿತು. ಕೋಲ್ಮನ್‌ಗೆ ದೊರೆಯಲಿಲ್ಲ. ಅದೇ ವರ್ಷ ಫ್ರಾಂಕ್ ಕಾಪ್ರಾನ ‘ಲಾಸ್ಟ್ ಹೊರೈಜನ್’ ಕೂಡ ಬಂದಿತ್ತು. ಒಂದೇ ವರ್ಷದಲ್ಲಿ ಇಂಥ ಎರಡು ಪಾತ್ರಗಳನ್ನು ಕೊಟ್ಟವನನ್ನು ಆಸ್ಕರ್ ಅಕಾಡೆಮಿ ಕಡೆಗಣಿಸಿದ್ದು ಇಂದು ಅಚ್ಚರಿಯೆನಿಸುತ್ತದೆ.

1938ರಲ್ಲಿ ಕೋಲ್ಮನ್ ಇಂಗ್ಲಿಷ್ ನಟಿ ಬೆನೀಟಾ ಹ್ಯೂಮ್‌ಳನ್ನು ವರಿಸಿದ. ಮದುವೆ ನಡೆದದ್ದು ಸಾಂತಾ ಬಾರ್ಬರಾ ಬಳಿಯ ಸಾನ್ ಇಸಿದ್ರೊ ರಾಂಚ್‌ನಲ್ಲಿ. ಆ ಅತಿಥಿಗೃಹದಲ್ಲಿ ಆತನಿಗೇ ಪಾಲುದಾರಿಕೆಯಿತ್ತು. 1944ರಲ್ಲಿ ಮಗಳು ಜೂಲಿಯೆಟ್ ಜನಿಸಿದಳು. ಮುಂದೆ 1975ರಲ್ಲಿ ತಂದೆಯ ಜೀವನಚರಿತ್ರೆ ಬರೆದ ಆಕೆ, ಆತ ಅತ್ಯಂತ ಏಕಾಂತಪ್ರಿಯನಾಗಿದ್ದನೆಂಬುದನ್ನೇ ಪುಸ್ತಕದ ಹೆಸರಾಗಿಸಿದಳು.

1942ರ ‘ರ‍್ಯಾಂಡಮ್ ಹಾರ್ವೆಸ್ಟ್’ನಲ್ಲಿ ಮರಳಿ ಎರಡು ಬದುಕು. ಆದರೆ ಈ ಬಾರಿ ಎರಡೂ ಒಬ್ಬನವೇ. ಮಹಾಯುದ್ಧದಲ್ಲಿ ನೆನಪು ಕಳೆದುಕೊಂಡ ಸೈನಿಕ ನರ್ತಕಿಯೊಬ್ಬಳನ್ನು ಮದುವೆಯಾಗುತ್ತಾನೆ. ಅಪಘಾತವೊಂದರಲ್ಲಿ ಹಳೆಯ ನೆನಪು ಮರಳುತ್ತದೆ, ನಡುವಿನ ವರ್ಷಗಳೂ ಹೆಂಡತಿಯೂ ಅಳಿಸಿಹೋಗುತ್ತಾರೆ. ಕಥೆ ಮೆಲೋಡ್ರಾಮಾ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಚಿತ್ರದ ಆರಂಭದಲ್ಲಿ ಆಸ್ಪತ್ರೆಯಿಂದ ಹೊರಬಂದು ಮಾತು ತಡವರಿಸುತ್ತ ಮಂಜಿನಲ್ಲಿ ನಿಲ್ಲುವ ಆ ಸೈನಿಕನಲ್ಲಿ ನಟನೆಗಿಂತ ಹೆಚ್ಚಿನದೇನೋ ಇದೆ. ತನ್ನ ಯುದ್ಧದ ಬಗ್ಗೆ ಅಷ್ಟಾಗಿ ಬಾಯಿ ಬಿಡದವನು ಅದನ್ನೆಲ್ಲ ಅಲ್ಲಿಗೆ ತಂದಂತಿದೆ. ಆ ಪಾತ್ರಕ್ಕೂ ನಾಮನಿರ್ದೇಶನವಷ್ಟೇ ದೊರೆಯಿತು.

ಆಸ್ಕರ್ ಕೊನೆಗೂ ಕೈಸೇರಿದ್ದು 1948ರ ಮಾರ್ಚ್ 20ರಂದು, ಕೋಲ್ಮನ್‌ಗೆ ಐವತ್ತೇಳು ತುಂಬಿದ ಮೇಲೆ. ಚಿತ್ರದ ಹೆಸರೇ ‘ಎ ಡಬಲ್ ಲೈಫ್’, ನಿರ್ದೇಶಕ ಜಾರ್ಜ್ ಕ್ಯೂಕರ್. ಒಥೆಲೊ ಪಾತ್ರವನ್ನು ರಾತ್ರಿಯೂ ರಾತ್ರಿಯೂ ವಹಿಸುತ್ತ, ತಾನು ಯಾರೆಂಬುದನ್ನೇ ಮರೆತು ಕೊಲೆಗಾರನಾಗುವ ರಂಗನಟನ ಕಥೆ. ಷೇಕ್ಸ್‌ಪಿಯರನ ಪಾತ್ರ ತನ್ನಿಂದಾದೀತೆ ಎಂದು ಕೋಲ್ಮನ್ ಅಳುಕಿದ್ದ. ಹಿರಿಯ ರಂಗನಟ ವಾಲ್ಟರ್ ಹ್ಯಾಂಪ್‌ಡನ್ ಆತನಿಗೆ ಪಾಠ ಹೇಳಿದ. ಮುಖಕ್ಕೆ ಕಪ್ಪು ಬಳಿದ ಒಥೆಲೊನನ್ನು ಇಂದು ನೋಡುವುದು ಮುಜುಗರದ ಸಂಗತಿ. ಆದರೆ ಆ ಬಣ್ಣ ತೊಳೆದ ಮೇಲೆ ಕನ್ನಡಿಯ ಮುಂದೆ ಕೂರುವ ನಟನ ಕಣ್ಣಿನ ಭಯ ಹಳತಾಗಿಲ್ಲ. ಸಜ್ಜನಿಕೆಯ ಪ್ರತಿರೂಪವೆಂದು ಹೆಸರಾದವನು ಕತ್ತು ಹಿಸುಕುವವನಾಗಿ ಪ್ರಶಸ್ತಿ ಪಡೆದ.

ಈ ಗಂಭೀರನಲ್ಲಿ ತನ್ನನ್ನೇ ಗೇಲಿ ಮಾಡಿಕೊಳ್ಳುವ ಗುಣವೂ ಇತ್ತೆಂಬುದನ್ನು ಅಮೆರಿಕ ಕಂಡದ್ದು ರೇಡಿಯೋದಲ್ಲಿ. 1945ರಿಂದ ಜ್ಯಾಕ್ ಬೆನ್ನಿಯ ಹಾಸ್ಯ ಕಾರ್ಯಕ್ರಮದಲ್ಲಿ ಕೋಲ್ಮನ್ ದಂಪತಿಗಳು ಜಿಪುಣ ಬೆನ್ನಿಯ ಕಾಟಕ್ಕೆ ಸೋತ ನೆರೆಮನೆಯವರಾಗಿ ಬರುತ್ತಿದ್ದರು. ಆಸ್ಕರ್ ಬಂದ ಕೆಲವೇ ದಿನಗಳಲ್ಲಿ ಪ್ರಸಾರವಾದ ಕಂತಿನಲ್ಲಿ ಬೆನ್ನಿ ಆ ಪ್ರತಿಮೆಯನ್ನು ಎರವಲು ಪಡೆದು ಮನೆಗೆ ಹೋಗುವಾಗ ದಾರಿಗಳ್ಳ ಅಡ್ಡಹಾಕುತ್ತಾನೆ. ಹಣವೋ ಪ್ರಾಣವೋ ಎಂಬ ಪ್ರಶ್ನೆಗೆ ಬೆನ್ನಿ ಉತ್ತರಿಸದೆ ಮಾಡಿದ ಮೌ‍ನ ಅಮೆರಿಕದ ರೇಡಿಯೋ ಚರಿತ್ರೆಯ ಅತಿ ಪ್ರಸಿದ್ಧ ಮೌನವಾಯಿತು. ಕಳ್ಳ ಕೋಲ್ಮನ್‌ನ ಆಸ್ಕರನ್ನು ಹೊತ್ತೊಯ್ದ. 1950ರಿಂದ ‘ದಿ ಹಾಲ್ಸ್ ಆಫ್ ಐವಿ’ ಸರಣಿಯಲ್ಲಿ ದಂಪತಿಗಳು ಸಣ್ಣ ಊರಿನ ಕಾಲೇಜು ಮುಖ್ಯಸ್ಥ ಮತ್ತು ಆತನ ಪತ್ನಿಯಾದರು. ಅದು 1954ರಲ್ಲಿ ಟೆಲಿವಿಷನ್‌ಗೂ ಹೋಯಿತು.

1952ರಲ್ಲಿ ಎಂಜಿಎಂ ಸಂಸ್ಥೆ ಸ್ಟುವರ್ಟ್ ಗ್ರೇಂಜರ್ ನಾಯಕತ್ವದಲ್ಲಿ ಝೆಂಡಾವನ್ನು ವರ್ಣದಲ್ಲಿ ಮತ್ತೆ ತೆಗೆಯಿತು. 1937ರ ಚಿತ್ರಕಥೆ, ನ್ಯೂಮನ್‌ನ ಸಂಗೀತ, ಬಹುತೇಕ ಅದೇ ಕ್ಯಾಮೆರಾ ಕೋನಗಳು. ಎಲ್ಲವೂ ಇತ್ತು, ಕೋಲ್ಮನ್ ಇರಲಿಲ್ಲ. ಆ ಕೊರತೆಯನ್ನು ಬಣ್ಣ ತುಂಬಲಿಲ್ಲವೆಂಬುದೇ ಹೆಚ್ಚಿನ ವಿಮರ್ಶಕರ ಅಭಿಪ್ರಾಯ. 1956ರ ‘ಅರೌಂಡ್ ದಿ ವರ್ಲ್ಡ್ ಇನ್ ಏಟಿ ಡೇಸ್’ನಲ್ಲಿ ಆತ ಕ್ಷಣಮಾತ್ರ ಕಾಣಿಸಿಕೊಂಡ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಅಧಿಕಾರಿಯ ವೇಷ ಅದು. ಹಳಿ ಮುಗಿದಿರುವುದರಿಂದ ರೈಲು ಮುಂದೆ ಹೋಗದೆಂದು ಪ್ರಯಾಣಿಕರಿಗೆ ತಿಳಿಸುವ ಪಾತ್ರ. ಮರುವರ್ಷದ ‘ದಿ ಸ್ಟೋರಿ ಆಫ್ ಮ್ಯಾನ್‌ಕೈಂಡ್’ ಕೊನೆಯ ಚಿತ್ರ. ಶ್ವಾಸಕೋಶದ ಕಾಯಿಲೆ ಹಣ್ಣು ಮಾಡಿತ್ತು. 1958ರ ಮೇ 19ರಂದು ಸಾಂತಾ ಬಾರ್ಬರಾದಲ್ಲಿ ಅರವತ್ತೇಳನೆಯ ವಯಸ್ಸಿನಲ್ಲಿ ಕೋಲ್ಮನ್ ನಿಧನನಾದ. ಅದೇ ಊರಿನ ಸ್ಮಶಾನದಲ್ಲಿ ಆತನ ಸಮಾಧಿಯಿದೆ.

1930ರ ದಶಕದ ಕೊನೆಯಲ್ಲಿ ‘ಮಾಯಾ ಮಚ್ಛೀಂದ್ರ’ ಚಿತ್ರೀಕರಣಕ್ಕೆಂದು ಕಲ್ಕತ್ತೆಗೆ ಹೋಗಿದ್ದ ತಮಿಳು ಯುವನಟರೊಬ್ಬರು ಅಲ್ಲಿ ಕೋಲ್ಮನ್‌ನ ‘ಇಫ್ ಐ ವರ್ ಕಿಂಗ್’ ಚಿತ್ರ ನೋಡಿದರು. ಬಡ ಕವಿಯೊಬ್ಬ ಕೆಲದಿನಗಳ ಮಟ್ಟಿಗೆ ಅಧಿಕಾರ ನಡೆಸುವ ಕಥೆಯದು. ಅದು ಅವರ ಮನಸ್ಸಿನಲ್ಲಿ ಇಪ್ಪತ್ತು ವರ್ಷ ಉಳಿಯಿತು. ಆ ನೆನಪಿಗೆ ಝೆಂಡಾದ ಜೋಡಿ ಮುಖಗಳನ್ನು ಬೆಸೆದು, ಗಳಿಸಿದ್ದನ್ನೆಲ್ಲ ಪಣಕ್ಕಿಟ್ಟು ಎಂ.ಜಿ. ರಾಮಚಂದ್ರನ್ ತಾವೇ ನಿರ್ಮಿಸಿ, ಮೊದಲ ಬಾರಿಗೆ ನಿರ್ದೇಶಿಸಿ, ದ್ವಿಪಾತ್ರದಲ್ಲಿ ಅಭಿನಯಿಸಿದ ‘ನಾಡೋಡಿ ಮನ್ನನ್’ ತೆರೆಕಂಡದ್ದು 1958ರ ಆಗಸ್ಟ್ 22ರಂದು, ಕೋಲ್ಮನ್ ತೀರಿಕೊಂಡ ಮೂರು ತಿಂಗಳಿಗೆ. ‘ಮಹಾಕವಿ ಕಾಳಿದಾಸ’ದಿಂದ ಕನ್ನಡಿಗರಿಗೆ ಪರಿಚಿತರಾಗಿದ್ದ ಬೆಂಗಳೂರಿನ ಬಿ. ಸರೋಜಾದೇವಿ ಅವರನ್ನು ತಮಿಳುನಾಡಿನ ಮನೆಮಾತಾಗಿಸಿದ ಚಿತ್ರವೂ ಅದೇ. ಅತ್ತ ಬಂಗಾಳದಲ್ಲಿ ‘ರ‍್ಯಾಂಡಮ್ ಹಾರ್ವೆಸ್ಟ್’ನ ಛಾಯೆಯಲ್ಲಿ 1957ರಲ್ಲಿ ಬಂದ ‘ಹಾರಾನೋ ಸುರ್’ನ ನಾಯಕ ಉತ್ತಮ್ ಕುಮಾರ್, 1961ರಲ್ಲಿ ತಪನ್ ಸಿನ್ಹಾರ ‘ಝಿಂದೇರ್ ಬಂದಿ’ಯಲ್ಲಿ ರಾಜನೂ ಆತನನ್ನು ಹೋಲುವವನೂ ಆದರು. ಶರದಿಂದು ಬಂದ್ಯೋಪಾಧ್ಯಾಯರು ರುರಿಟೇನಿಯವನ್ನು ಭಾರತದ ಸಂಸ್ಥಾನವಾಗಿಸಿ ಬರೆದ ಕಾದಂಬರಿ ಅದಕ್ಕೆ ಆಧಾರ. ರೂಪರ್ಟ್‌ನ ಜಾಗದಲ್ಲಿ ನಗುತ್ತ ಕತ್ತಿ ಹಿಡಿದವರು ಸೌಮಿತ್ರ ಚಟರ್ಜಿ.